ಅವನ ಬಾಗಿಲು

ನಡುಹೊಯ್ಗೆಯ ಕಡಲತೀರದಲ್ಲಿ ನೀರು ಇಳಿದ ಹೊತ್ತಿಗೆ ಹೋಗಿ ನಿಂತರೆ, ದಡದಿಂದ ಒಂದು ಕೂಗಳತೆ ದೂರದಲ್ಲಿ, ಅಲೆಗಳ ನಡುವೆ ಒಂದು ಬಾಗಿಲು ಕಾಣಿಸುತ್ತದೆ. ಕರಿಕಲ್ಲಿನ ಎರಡು ಕಂಬ, ಮೇಲೊಂದು ಅಡ್ಡಗಲ್ಲು, ಅಷ್ಟೇ. ಗೋಡೆಯಿಲ್ಲ, ಸೂರಿಲ್ಲ. ಪ್ರವಾಸಿಗರು ಅದರ ಚಿತ್ರ ತೆಗೆಯುತ್ತಾರೆ. ಮದುವೆ ನಿಶ್ಚಯವಾದ ಜೋಡಿಗಳಂತೂ ದೋಣಿ ಮಾಡಿಕೊಂಡು ಹತ್ತಿರ ಹೋಗಿ ಕೈಕೈ ಹಿಡಿದು ನಿಲ್ಲುತ್ತಾರೆ. ಇದನ್ನು ಪಾಂಡವರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ಬಸ್ ನಿಲ್ದಾಣದ ಆಟೋದವನೊಬ್ಬ ಹೇಳುತ್ತಾನೆ. ನಮ್ಮ ಜಿಲ್ಲೆಗೆ ಬಂದಾಗ ಪಾಂಡವರಿಗೆ ನಿದ್ದೆಯೇ ಇರಲಿಲ್ಲವೇನೋ, ಎದ್ದು ನಿಂತ ಕಲ್ಲೆಲ್ಲ ಅವರದ್ದೇ. ಊರವರು ಕರೆಯುವ ಹೆಸರು ‘ಅವನ ಬಾಗಿಲು’. ಯಾರು ಆ ಅವನು ಎಂದು ಕೇಳಿದರೆ ದೋಣಿಯವರು ಮಾತು ತಿರುಗಿಸುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಆ ಹೆಸರು ಅವರಿಗೂ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂಬುದನ್ನು ಮಾತ್ರ ನನ್ನ ಅಜ್ಜಿ ಹೇಳಿದ್ದಳು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರು ಈ ಕರಾವಳಿಯನ್ನು ಹಂಚಿಕೊಂಡು ಆಳುತ್ತಿದ್ದ ಕಾಲದಲ್ಲಿ, ದಡ ಈಗಿರುವಲ್ಲಿ ಇರಲಿಲ್ಲ ಎನ್ನುತ್ತಾರೆ. ಆ ಬಾಗಿಲಿನಿಂದ ಇನ್ನೂ ಆಚೆಯವರೆಗೆ ಬಿಳಿಯ ಹೊಯ್ಗೆ, ಅಂದರೆ ಮರಳು, ಹಾಸಿಕೊಂಡಿತ್ತಂತೆ. ಅದರ ಹಿಂದೆ ಎರಡಾಳೆತ್ತರದ ದಿಬ್ಬ; ದಿಬ್ಬದ ತುಂಬ ಕೇದಿಗೆಯ ಮುಳ್ಳುಪೊದೆ, ನೇರಳೆ ಹೂ ಬಿಡುವ ಬಳ್ಳಿ. ಬಡಗಣ ಮಗ್ಗುಲಲ್ಲಿ ಬೆಸ್ತರ ಕೇರಿ. ದೋಣಿಯವರು ಕಡಲಲ್ಲಿ ಬಲೆ ಸುತ್ತುಹಾಕಿ ಅದರ ಎರಡು ಹಗ್ಗಗಳನ್ನು ದಡಕ್ಕೆ ತರುತ್ತಿದ್ದರು, ಆಮೇಲೆ ಇಡೀ ಕೇರಿ ಸಾಲುಗಟ್ಟಿ ನಿಂತು ಎಳೆಯಬೇಕು. ಹಾಗೆ ಎಳೆಯುವಷ್ಟು ಅಗಲದ ಹೊಯ್ಗೆ ಇದ್ದದ್ದು ದಿಬ್ಬದ ಮುಂದೆ ಮಾತ್ರ. ಹಗ್ಗ ಮುಟ್ಟಿದವರಿಗೆಲ್ಲ ಪಾಲು ಎಂಬುದು ಅವರ ಕಟ್ಟಳೆ. ಹಲ್ಲಿಲ್ಲದ ಮುದುಕಿಗೂ ಪಾಲು, ದಾರಿಹೋಕನಿಗೂ ಪಾಲು. ಹಗ್ಗ ಹಿಡಿದವನು ಊರವನಾದ, ಅವನ ಕುಲಗೋತ್ರವನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಆ ಕೇರಿಯಲ್ಲಿ ಸೋಮಿ ಎಂಬ ಹೆಂಗಸಿದ್ದಳು. ಒಂದು ಬೆಳಿಗ್ಗೆ ಅವಳಿಗೆ ದಿಬ್ಬದ ಬುಡದಲ್ಲಿ ಅರೆಜೀವವಾಗಿ ಬಿದ್ದಿದ್ದ ಯುವಕನೊಬ್ಬ ಸಿಕ್ಕಿದ. ಎಲ್ಲೋ ಒಡೆದ ಹಡಗಿನವನು, ಮೈಸುಡುವ ಜ್ವರ, ಆಡುವ ಮಾತು ಯಾರಿಗೂ ತಿಳಿಯದ್ದು. ಅವನನ್ನು ಕೇದಿಗೆಯ ನೆರಳಿಗೆ ಎಳೆದು, ಗಂಜಿ ಕುಡಿಸಿ, ಮೂರು ದಿನ ಪಕ್ಕದಲ್ಲೇ ಕೂತಳು. ನಾಲ್ಕನೆಯ ದಿನ ಬಲೆ ಬಂದಾಗ ಅವನನ್ನು ಎಬ್ಬಿಸಿ ತಂದು ಅವನ ಕೈಯನ್ನು ಹಗ್ಗದ ಮೇಲಿಟ್ಟಳು. ಎಳೆಯುವ ಶಕ್ತಿ ಅವನಿಗೆಲ್ಲಿತ್ತು, ಮುಟ್ಟಿದ ಅಷ್ಟೇ. ಮೀನು ಹಂಚುವಾಗ ಕೇರಿಯ ಹಿರಿಯನಾದ ಜಟ್ಟಯ್ಯ ‘ಈ ಪಾಲು ಯಾರ ಹೆಸರಿಗೆ?’ ಎಂದು ಕೇಳಿದ. ಸೋಮಿಗೆ ಒಬ್ಬನೇ ತಮ್ಮನಿದ್ದ. ಹಿಂದಿನ ವರ್ಷ ಕಡಲಿಗೆ ಹೋದವನು ಮರಳಿ ಬಂದಿರಲಿಲ್ಲ. ಅವಳು ಆ ತಮ್ಮನ ಹೆಸರು ಹೇಳಿದಳು. ಸತ್ತವನ ಹೆಸರನ್ನು ಪರವೂರಿನವನಿಗೆ ಕೊಡುವುದು ಬೇಡವೆಂದು ಕೆಲವರು ಅಂದರಂತೆ. ‘ಕಡಲು ಒಬ್ಬನ್ನ ತಕಂಡು ಇನ್ನೊಬ್ಬನ್ನ ಕೊಟ್ಟದೆ. ಹೆಸ್ರು ಎಂತಕೆ ಬೇರೆ?’ ಎಂದು ಅವಳು ಅವರ ಬಾಯಿ ಮುಚ್ಚಿಸಿದಳು.

ಅವನು ಚುರುಕಿನವನು. ಮಾತು ಕಲಿತ, ಹಡಗಿನವರಿಗೆ ಒಣಮೀನು ಮಾರುವ ವ್ಯಾಪಾರ ಹಿಡಿದ, ಏಳೆಂಟು ವರ್ಷದಲ್ಲಿ ದೊಡ್ಡ ಕುಳವಾದ. ‘ನಮ್ಮ ಸೋಮಿಯ ತಮ್ಮ’ ಎಂದು ಕೇರಿಯವರು ಎದೆಯುಬ್ಬಿಸಿ ಹೇಳುತ್ತಿದ್ದರು. ಆ ದಿನಗಳಲ್ಲಿ ಪಾಳೆಯಗಾರನ ಅಧಿಕಾರಿಯೊಬ್ಬ ಬಂದು ಈ ಹೊಯ್ಗೆ ಯಾರದ್ದೆಂದು ಕೇಳಿದ. ಕೇರಿಯವರು ಬಿದ್ದು ಬಿದ್ದು ನಕ್ಕರು. ಹೊಯ್ಗೆಗೂ ಒಡೆಯನಿರುತ್ತಾನೆಯೇ? ಹಾಗಾದರೆ ಗಾಳಿ ಯಾರದ್ದು, ನೊರೆ ಯಾರದ್ದು? ನಮ್ಮವರು ಮಾಡಿದ ದೊಡ್ಡ ತಪ್ಪು ಆ ನಗು. ಅವನೊಬ್ಬ ಮಾತ್ರ ನಗಲಿಲ್ಲ. ಅಧಿಕಾರಿಯ ಬೆನ್ನು ಹಿಡಿದು ಹೋಗಿ, ದಿಬ್ಬವನ್ನೂ ಅದರ ಮುಂದಿನ ತೀರವನ್ನೂ ತಾಮ್ರದ ಹಾಳೆಯಲ್ಲಿ ತನ್ನ ಹೆಸರಿಗೆ ಬರೆಸಿಕೊಂಡು ಬಂದ. ತನ್ನ ಹೆಸರು ಎಂದರೆ ಸೋಮಿ ಕೊಟ್ಟ ಹೆಸರು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ದಿಬ್ಬ ತೆಗೆದು ಅಲ್ಲಿ ಹಡಗಿನ ಸಾಹುಕಾರರು ಉಳಿಯಲೊಂದು ಬಿಡದಿ ಕಟ್ಟುತ್ತೇನೆಂದು ಅವನು ಹೇಳಿದಾಗ ಜಟ್ಟಯ್ಯ ಕೇರಿಯ ಕೂಟ ಸೇರಿಸಿದ. ದಿಬ್ಬವೇ ಕಡಲಿಗೆ ಒಡ್ಡು, ಅದನ್ನು ಮುಟ್ಟಬಾರದೆಂದು ಹಿರಿಯರು ಹೇಳಿದರು. ಬಲೆ ಎಳೆಯುವುದೆಲ್ಲಿ ಎಂದು ಹೆಂಗಸರು ಕೇಳಿದರು. ಅವನು ಎಲ್ಲರೆದುರು ಸೋಮಿಯ ಕಾಲು ಮುಟ್ಟಿ, ‘ಅಕ್ಕಾ, ಗೋಡೆಗೆ ಬಾಗಿಲು ಇಡ್ತೆ, ಬಾಗಿಲಿಗೆ ಕದ ಇಡೂದಿಲ್ಲ. ಹಗ್ಗ ಎಳೂಕೆ ಯಾರು ಬೇಕಾದ್ರೂ ಬರ್ಲಿ’ ಎಂದ. ಸೋಮಿ ಎದ್ದು ನಿಂತು, ಅವನ ಮಾತಿಗೆ ತಾನು ಹೊಣೆ ಎಂದಳು. ಅವಳ ಮುಖ ನೋಡಿ ಕೇರಿ ಒಪ್ಪಿತು.

ಕೇದಿಗೆ ಕಡಿದರು, ಬಳ್ಳಿ ಕಿತ್ತರು, ದಿಬ್ಬ ನೆಲಸಮವಾಯಿತು. ಮೂರು ಕಡೆ ಗೋಡೆ ಎದ್ದಿತು, ಎರಡು ಬದಿಯ ಗೋಡೆಗಳು ಆಳದ ನೀರಿನವರೆಗೂ ಇಳಿದವು. ಒಂದು ವರ್ಷ ಬಾಗಿಲು ಬರಿದಾಗಿಯೇ ಇತ್ತು. ಎರಡನೆಯ ವರ್ಷ ಅದಕ್ಕೆ ಹಲಸಿನ ಮರದ ಕದ ಬಂತು. ನಾಯಿ ನುಗ್ಗದ ಹಾಗೆ ಎಂದ. ಸೋಮಿ ನಂಬಿದಳು. ಅದಾದ ಮೇಲೆ ಒಂದು ಮಧ್ಯಾಹ್ನ, ಯಾರೂ ಕಂಡಿರದಷ್ಟು ದೊಡ್ಡ ಬೈಗೆ ಮೀನಿನ ಹಿಂಡು ದಡಕ್ಕೆ ಬಂತು. ಬೈಗೆ ಎಂದರೆ ಕೇರಿಯ ಮಳೆಗಾಲದ ಅನ್ನ. ದೋಣಿಯವರು ಬಲೆ ಸುತ್ತಿ, ಹಗ್ಗವನ್ನು ಗೋಡೆಯ ಒಳಗಿನ ತೀರಕ್ಕೆ ತಂದು, ಕೇರಿಯನ್ನು ಕೂಗಿ ಕರೆದರು. ಕೇರಿ ಓಡಿ ಬಂದರೆ ಕದ ಮುಚ್ಚಿತ್ತು. ಸೋಮಿ ಎರಡೂ ಕೈಯಲ್ಲಿ ಬಡಿದಳು. ‘ತಮಾ, ನಾನು ಸೋಮಿ. ಕದ ತೆಗಿ.’ ಒಳಗಿನಿಂದ ಅವನ ದನಿ ಬಂತು: ‘ದೊಡ್ಡೋರು ಊಟಕ್ಕೆ ಕೂತೀರು ಅಕ್ಕಾ. ಅವ್ರಿಗೆ ಮೀನ ವಾಸ್ನೆ ಆಗೂದಿಲ್ಲ. ನಾಳೆ ಬನ್ನಿ.’ ಒಳಗಿದ್ದ ನಾಲ್ಕು ಜನ ದೋಣಿಯವರು ಅಂಗೈ ಹರಿಯುವ ತನಕ ಹಗ್ಗ ಹಿಡಿದುಕೊಂಡಿದ್ದರು. ನೀರು ಇಳಿಯತೊಡಗಿದಾಗ ಬಲೆ ಮೀನಿನ ಸಮೇತ ಅವರ ಕೈಯಿಂದ ಜಾರಿ ಕಡಲಿಗೆ ಹೋಯಿತು. ಕೇರಿಗೆ ಇದ್ದದ್ದು ಅದೊಂದೇ ದೊಡ್ಡ ಬಲೆ.

ಆ ಮಳೆಗಾಲದಲ್ಲಿ ಕಡಲು ಎದ್ದಾಗ ತಡೆಯಲು ದಿಬ್ಬವಿರಲಿಲ್ಲ. ಅವನು ಬಿಡದಿಯ ಮುಂದೆ ಬಂಡೆ ರಾಶಿ ಹಾಕಿಸಿದ. ಬಂಡೆಗೆ ಬಡಿದ ನೀರು ಬಡಗಣಕ್ಕೆ ತಿರುಗಿ ಕೇರಿಯನ್ನು ಕೊರೆಯಿತು. ಮೊದಲು ಅಂಗಳ, ಆಮೇಲೆ ತೆಂಗು, ಆಮೇಲೆ ಮನೆ. ಸೋಮಿಯ ಮನೆ ಮೂರನೆಯದು ಎನ್ನುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯಿದೆ. ನಮ್ಮೂರಲ್ಲಿ ತಿಂದವನು ಒಬ್ಬ, ನೀರು ಕುಡಿದವರು ಇನ್ನೊಬ್ಬರು. ಎರಡು ಮಳೆಗಾಲ ಕಳೆದು ಕಡಲು ಬಿಡದಿಯ ಬುಡಕ್ಕೂ ಬಾಯಿ ಹಾಕುವಷ್ಟರಲ್ಲಿ ಅವನು ಗಂಟುಮೂಟೆಯನ್ನು ಹಡಗಿಗೆ ಏರಿಸಿ ಬೇರೆ ತೀರಕ್ಕೆ ಹೊರಟಿದ್ದ.

ಹೊರಡುವ ದಿನ ಕೇರಿಯ ಗಂಡಸರು ಕಲ್ಲು ಹಿಡಿದು ಅಡ್ಡ ನಿಂತರು. ಸೋಮಿ ಅವರನ್ನು ಹಿಂದೆ ಸರಿಸಿ ಅವನೆದುರು ಬಂದಳು. ‘ಕಡಲು ಹೀಂಗೆ ಮಾಡ್ತದೆ ಅಂತ ನಂಗೇನು ಗೊತ್ತು ಅಕ್ಕಾ?’ ಎಂದ ಅವನು. ‘ಕದ ಮುಚ್ಚಿದ್ದು ಕಡಲಲ್ಲ’ ಎಂದಳು ಅವಳು. ‘ತಿಂದ ಮೀನು ವಾಪಸು ಕೇಳೂದಿಲ್ಲ. ಅದು ಹಗ್ಗದ ಪಾಲು, ನಿಂದೇ. ನನ್ನ ತಮ್ಮನ ಹೆಸ್ರು ಮಾತ್ರ ಇಲ್ಲೇ ಬಿಟ್ಟು ಹೋಗು.’ ಅವಳು ಕೇರಿಯ ಕಡೆ ತಿರುಗಿ, ಇನ್ನು ಆ ಹೆಸರು ಹಿಡಿದು ಯಾರೂ ಇವನನ್ನು ಕರೆಯಬಾರದೆಂದು ಕೇಳಿಕೊಂಡಳು. ಯಾರೂ ಕರೆಯಲಿಲ್ಲ. ತಮ್ಮನನ್ನು ನೆನೆಯಲು ಅವಳಿಗೂ ಆಮೇಲೆ ಆ ಹೆಸರು ಬಾಯಿಗೆ ಬರಲಿಲ್ಲವಂತೆ, ಅದು ಎಂಜಲಾಗಿತ್ತು. ಹಾಗಾಗಿ ಕೊನೆಗೆ ಅದು ಊರಿಗೇ ಮರೆತುಹೋಯಿತು. ಬಿಡದಿ ಬಿದ್ದು, ಗೋಡೆ ಬಿದ್ದು, ಕದ ತೇಲಿಹೋಗಿ, ಕಲ್ಲಿನ ಚೌಕಟ್ಟು ನೀರಲ್ಲಿ ಉಳಿದಾಗ ಜನ ಅದನ್ನು ‘ಅವನ ಬಾಗಿಲು’ ಎಂದರು. ಬೇರೆ ಏನೆನ್ನಬೇಕಿತ್ತು?

ಈಗ ಹೋದವರಿಗೆ ಕಲ್ಲಿನ ಬಾಗಿಲಿನ ಜೊತೆಗೆ, ಅದಕ್ಕೆ ನೇರವಾಗಿ ದಡದ ಮೇಲೆ ಎದ್ದಿರುವ ರೆಸಾರ್ಟಿನ ಉದ್ದನೆಯ ಗೋಡೆಯೂ ಕಾಣಿಸುತ್ತದೆ. ಗೇಟಿನಲ್ಲಿ ಅತಿಥಿಗಳಿಗೆ ಮಾತ್ರ ಎಂಬ ಬೋರ್ಡಿದೆ; ಮೀನಿನ ಬುಟ್ಟಿ ಹೊತ್ತ ಹೆಂಗಸರು ಮುಕ್ಕಾಲು ಮೈಲಿ ಸುತ್ತಿ, ಅಳಿವೆಯ ಕೆಸರು ತುಳಿದು ತೀರಕ್ಕೆ ಹೋಗುತ್ತಾರೆ. ಈ ರೆಸಾರ್ಟಿಗೆ ಮನೆಮನೆ ತಿರುಗಿ ಒಪ್ಪಿಗೆಯ ಸಹಿ ಹಾಕಿಸಿದವನು ನನ್ನ ತಂಗಿಯ ಮಗ. ‘ದಾರಿ ಬಿಡ್ತ್ರು ಮಾವಾ, ನಾ ಇದ್ದೆ ಅಲ್ಲ’ ಎಂದಿದ್ದ. ಮೊದಲ ಸಹಿ ನನ್ನದು. ನನ್ನ ಸಹಿ ನೋಡಿ ಉಳಿದವರು ಹಾಕಿದರು. ಅವನ ನಾಮಕರಣದ ದಿನ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದವನೂ ನಾನೇ. ಈಚೆಗೆ ಮನೆಯಲ್ಲಿ ಮಾತು ಬಂದಾಗ ನಾನು ‘ಅವನು’ ಎನ್ನುತ್ತೇನೆ. ತಂಗಿ ಎದ್ದು ಒಳಗೆ ಹೋಗುತ್ತಾಳೆ.