ಹೆಪ್ಪು ಕೊಡದ ಕಾಳಿಂಗಜ್ಜ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಅಜ್ಜಿ ಇದ್ದ ಕಾಲದಲ್ಲಿ, ಕಾಳಿಂಗಜ್ಜ ಅಂತ ಒಬ್ಬ ಮುದುಕ ಇದ್ದನಂತೆ. ಹೂಂ ಅನ್ನು ಮಗಾ. ಅವನಿಗೆ ಒಂದು ಎಮ್ಮೆ, ಬಾಯಲ್ಲಿ ಮೂರು ಹಲ್ಲು, ದಿನಕ್ಕೆ ಮೂರು ಮಾತು. ಹೆಂಡತಿ ಪುಟ್ಟಕೆಂಪಿ ಇದ್ದಾಗ ಕೇರಿಯ ಹೆಂಗಸರೆಲ್ಲ ಬಟ್ಟಲು ಹಿಡಿದು, ಹೆಪ್ಪು ಹಾಕೋಕೆ ಒಂದು ಚೂರು ಮೊಸರು ಕೊಡವ್ವ ಅಂತ ಬರೋರಂತೆ. ಅವಳು ತೀರಿಕೊಂಡ ಮೇಲೂ ಬಂದರು. ನನ್ನ ಮೊಸರು ನನಗೇ ಸಾಲದು, ನಡೀರಿ ಅಂತ ಅಜ್ಜ ಬಾಗಿಲು ಹಾಕಿಬಿಟ್ಟನಂತೆ. ಆಮೇಲೆ ಯಾರೂ ಬರಲಿಲ್ಲ. ಆ ಮೂರು ಮಾತೂ ಎಮ್ಮೆಗೇ ಆಯ್ತಂತೆ.

ಹೀಗಿರುವಾಗ ಒಂದು ದಿನ ಬಿಸಿಲ ಝಳಕ್ಕೆ ಅಜ್ಜ ಗಡಿಗೆಯ ಮೊಸರನ್ನೆಲ್ಲ ಬಳಿದು, ಗಡಿಗೆ ತೊಳೆದ ನೀರನ್ನೂ ಕುಡಿದುಬಿಟ್ಟನಂತೆ. ಹೆಪ್ಪಿಗೆ ಒಂದು ತೊಟ್ಟೂ ಉಳಿಸಲಿಲ್ಲ! ಕೇಳೋಕೆ ಹೋಗೋದಾ? ಛೆ. ಮೊದಲನೇ ದಿನ ನಿಂಬೆಹಣ್ಣು ಹಿಂಡಿದ, ಹಾಲು ಒಡೀತಂತೆ. ಎರಡನೇ ದಿನ ಹುಣಸೆಹಣ್ಣು ಹಾಕಿದ, ಎಮ್ಮೆಯೇ ಮೂಸಿ ಮುಖ ತಿರುಗಿಸಿತಂತೆ. ಮೂರನೇ ದಿನ ಮೆಣಸಿನಕಾಯಿ ತೊಟ್ಟು ಹಾಕೋ ಬದಲು ಕಾಯನ್ನೇ ಹಾಕಿ, ಒಂದೇ ಗುಟುಕಿಗೆ ಕಣ್ಣು ಮೂಗೆಲ್ಲ ನೀರಂತೆ. ಹಾಲು ಕುಡೀಬಹುದಿತ್ತಲ್ಲ ಅಂತೀಯಾ? ಹಾಲು ಕುಡಿದರೆ ಅವನಿಗೆ ಹೊಟ್ಟೆ ಉಬ್ಬರ. ಮಜ್ಜಿಗೇಲಿ ನೆನೆಸದೆ ಮೂರು ಹಲ್ಲಿಗೆ ರೊಟ್ಟಿ ಆಗದು. ಅಜ್ಜ ಸೊರಗಿ ಕಡ್ಡಿಯಾದನಂತೆ.

ಆಮೇಲೆ ನಾಲ್ಕನೇ ದಿನ, ಬಟ್ಟಲನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಎದುರುಮನೆ ಚಿಕ್ಕತಾಯಮ್ಮನ ಬಾಗಿಲಿಗೆ ಹೋಗಿ ನಿಂತನಂತೆ. ಏನ್ ಮಾವ, ದಾರಿ ತಪ್ಪಿತಾ ಅಂದಳು ಅವಳು. ಹೆಪ್ಪು ಅಂದ. ಜೋರಾಗಿ ಹೇಳು ಮಾವ, ಕೇರಿಗೆಲ್ಲ ಕೇಳಲಿ ಅಂತ ನಕ್ಕಳು, ನಗ್ತಾನೇ ಬಟ್ಟಲು ತುಂಬಿಸಿದಳಂತೆ.

ಅಜ್ಜ ಬೆರಳದ್ದಿ ನಾಲಿಗೆಗಿಟ್ಟ. ಅಲ್ಲೇ ಕೂತುಬಿಟ್ಟ.

ಇದು ಪುಟ್ಟಕೆಂಪಿ ಮೊಸರು ಅಂದನಂತೆ.

ಹೂಂ ಮಾವ, ಅತ್ತೆ ಕೊಟ್ಟ ಹೆಪ್ಪೇ. ನಮ್ಮನೇದು ಕೆಟ್ಟಾಗ ಪಕ್ಕದ್ಮನೆ ಸಾಕವ್ವನ ಹತ್ರ ಇಸ್ಕೊಂಡೆ, ಅವಳದು ಕೆಟ್ಟಾಗ ನಾನು ಕೊಟ್ಟೆ. ಹಿಂಗೇ ಕೇರೀಲಿ ತಿರುಗ್ತಾ ಬದುಕಿದೆ. ನಿನ್ನ ಮನೇಲೇ ಸತ್ತುಹೋಯ್ತು ನೋಡು ಅಂದಳಂತೆ.

ಮಾರನೇ ದಿನ ಅಜ್ಜನ ಗಡಿಗೇಲಿ ಮೊಸರು ಗಟ್ಟಿಯಾಗಿ ಕಟ್ಟಿತಂತೆ. ಅಜ್ಜ ಬಾಗಿಲು ತೆಗೆದು, ಗಡಿಗೆ ಮುಂದಿಟ್ಕೊಂಡು ಜಗಲೀಲಿ ಕಾದನಂತೆ. ಯಾರೂ ಬರಲಿಲ್ಲ. ಕೊನೆಗೆ ತಾನೇ ಕೂಗಿದನಂತೆ, ತಾಯಮ್ಮಾ, ನಿನ್ನ ಹೆಪ್ಪು ಕೆಟ್ಟಿಲ್ವಾ? ಇಲ್ಲ ಮಾವ ಅಂದಳು ಅವಳು. ಕೆಡಿಸ್ಕೋ ಅಂದನಂತೆ!

ಅವಳು ನಗ್ತಾ ಬಟ್ಟಲು ಹಿಡಿದು ಬಂದಳು, ಹಿಂದೆ ಸಾಕವ್ವ ಬಂದಳು, ಆಮೇಲೆ ಕೇರಿಯೇ ಬಂತಂತೆ. ಅವತ್ತಿಂದ ಅಜ್ಜನ ಹಲ್ಲು ಮೂರೇ, ಮಾತು ಮಾತ್ರ ಎಣಿಸೋಕಾಗ್ತಿರಲಿಲ್ಲವಂತೆ.

ಅವರು ಅಲ್ಲಿ ಮಜ್ಜಿಗೆ ಕುಡಿದು ತಣ್ಣಗಿದ್ದರು, ನಾವು ಇಲ್ಲಿ ಕಂಬಳಿ ಹೊದ್ದು ಬೆಚ್ಚಗಿದ್ದೀವಿ. ಕತೆ ಮುಗೀತು. ಕಣ್ಣು ಮುಚ್ಚು ಮಗಾ.