ಹೊಳೆಗೆ ಬಿಟ್ಟ ಮಾತ್ರೆ

ಆಶ್ರಮದ ಶಿಷ್ಯ ಇಂದುಧರನಿಗೆ ಪ್ರಶ್ನೆ ಕೇಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ಆದರೆ ಆ ಬೆಳಿಗ್ಗೆ ಅವನು ಗುರುಗಳ ಬಳಿ ಓಡಿ ಬಂದದ್ದು ಹೆದರಿಕೊಂಡು.

“ಗುರುಗಳೇ, ಚೆನ್ನವೀರ ನಿದ್ದೆನೇ ಮಾಡ್ತಿಲ್ಲ. ಹೊಳೆ ಮೆಟ್ಟಿಲ ಮೇಲೆ ಕೂತಿದ್ದಾನೆ. ನೀರೊಳಗಿಂದ ಯಾರೋ ಕರೀತಿದ್ದಾರೆ ಅಂತಾನೆ.”

“ಮಾತ್ರೆ ತಗೊಂಡ್ನಾ?”

ಇಂದುಧರ ತಲೆ ತಗ್ಗಿಸಿದ.

ಆ ಆಶ್ರಮದಲ್ಲಿ ಅಮಾವಾಸ್ಯೆಗೊಮ್ಮೆ ಪ್ರತಿಯೊಬ್ಬರೂ ತಮಗೆ ಅಂಟಿಕೊಂಡದ್ದೊಂದನ್ನು ಹೊಳೆಗೆ ಬಿಡಬೇಕು. ಒಬ್ಬ ನಶ್ಯದ ಡಬ್ಬಿ ಬಿಟ್ಟಿದ್ದ, ಇನ್ನೊಬ್ಬ ಕೈಗನ್ನಡಿ. ಹೋದ ಅಮಾವಾಸ್ಯೆಗೆ ಚೆನ್ನವೀರ ಮನಸ್ಸಿನ ಕಾಯಿಲೆಗೆಂದು ಡಾಕ್ಟರು ಕೊಟ್ಟ ಮಾತ್ರೆಗಳನ್ನೇ ಬಿಟ್ಟಿದ್ದ.

“ನಾನೇ ಬಿಡಿಸಿದೆ” ಎಂದ ಇಂದುಧರ. “ಧ್ಯಾನ ಇರುವಾಗ ಇದ್ಯಾಕೋ, ಇದೆಲ್ಲ ಪುಕ್ಕಲರಿಗೆ ಅಂದೆ.”

ಗುರುಗಳು ಬೈಯಲಿಲ್ಲ. ದಡಬಡನೆ ಹೊಳೆಗೆ ಹೋಗಿ ಚೆನ್ನವೀರನ ಕೈ ಹಿಡಿದುಕೊಂಡರು.

“ಏಳಪ್ಪ, ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ.”

ಸಂಜೆ ಗುರುಗಳೊಬ್ಬರೇ ಮರಳಿದರು.

“ಕೆಲವು ದಿನ ಆಸ್ಪತ್ರೆಯಲ್ಲೇ ಇರ್ತಾನೆ. ಈಗ ಮಲಗಿದ್ದಾನೆ.”

ಇಂದುಧರ ಅತ್ತುಬಿಟ್ಟ. ಅತ್ತು ಮುಗಿಯುವಷ್ಟರಲ್ಲಿ ಪ್ರಶ್ನೆ ಹುಟ್ಟಿತ್ತು!

“ಹೊಟ್ಟೆಗೆ ಹಾಕಿದ ಮಾತ್ರೆ ಮನಸ್ಸನ್ನ ಹೇಗೆ ಮುಟ್ಟುತ್ತೆ ಗುರುಗಳೇ?”

“ಹಸಿದಾಗ ನೀನು ಎಲ್ಲರ ಮೇಲೂ ಹರಿಹಾಯ್ತೀಯಲ್ಲ, ಊಟ ಆದ ಮೇಲೆ ಆ ಸಿಟ್ಟು ಎಲ್ಲಿಗೆ ಹೋಗುತ್ತೆ?”

ಇಂದುಧರ ಯೋಚಿಸಿದ.

“ಆದರೂ ನಿಮ್ಮಷ್ಟು ಧ್ಯಾನ ಮಾಡಿದವರಿಗೆ ಇಂಥದ್ದು ಬರಲ್ಲ, ಅಲ್ವಾ?”

ಅಷ್ಟರಲ್ಲಿ ದೀಪ ಹಚ್ಚಿದರು. ದೀಪ ಹಚ್ಚಿದ ಮೇಲೆ ಗುರುಗಳು ಕೋಣೆಯ ಬಾಗಿಲು ಹಾಕಿಕೊಳ್ಳುವುದು ರೂಢಿ. ಒಳಗೆ ಏನೋ ಭಾರೀ ಸಾಧನೆ ನಡೆಯುತ್ತದೆ ಎಂದು ಶಿಷ್ಯರು ಪಿಸುಗುಟ್ಟುತ್ತಿದ್ದರು.

ಗುರುಗಳು ಒಳಗೆ ಹೋದಾಗ ಇಂದುಧರ ಎಂದಿನಂತೆ ಬಾಗಿಲು ಎಳೆಯಹೋದ.

“ಇರಲಿ ಬಿಡು” ಎಂದರು ಗುರುಗಳು.

ಅಂಗಳದಲ್ಲಿ ಊಟಕ್ಕೆ ಕೂತ ಶಿಷ್ಯರೆಲ್ಲ ನೋಡುತ್ತಿದ್ದಂತೆ ಅವರು ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದರು. ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

“ಅದು… ಬಿಪಿಗಾ ಗುರುಗಳೇ?”

“ಅಲ್ಲ. ಚೆನ್ನವೀರನಿಗಿರೋ ಕಾಯಿಲೆನೇ. ನಿನ್ನ ವಯಸ್ಸಿಂದ ಇದೆ.”

ಅಂಗಳದಲ್ಲಿ ಎಲ್ಲರೂ ತುತ್ತು ಹಿಡಿದುಕೊಂಡೇ ಕೂತುಬಿಟ್ಟರು. ಇಂದುಧರ ಮೆಲ್ಲಗೆ ಕೇಳಿದ:

“ಹಾಗಾದರೆ ಈ ಅಮಾವಾಸ್ಯೆಗೆ ನೀವು ಏನು ಬಿಡ್ತೀರಿ?”

ಗುರುಗಳು ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಹೊಸ್ತಿಲ ಮೇಲಿಟ್ಟರು.

“ಬಾಗಿಲು ಹಾಕ್ಕೊಂಡು ನುಂಗೋದನ್ನ.”