ಜೋಪಾನವಾಗಿಟ್ಟ ಲಸಿಕೆ ಪತ್ರ

ಯಜಮಾನಿ ಚಂಪಕಮ್ಮನವರ ಜೊತೆ ಹೊರದೇಶಕ್ಕೆ ಹೊರಟಿದ್ದ ನಾಯಿಗೆ ರೇಬಿಸ್ ಚುಚ್ಚುಮದ್ದು ಆಯಿತು, ರಕ್ತಪರೀಕ್ಷೆಯೂ ಆಯಿತು. ಲಸಿಕೆ ಪತ್ರಕ್ಕೆ ಮೊಹರು ಒತ್ತಿದ ಪಶುವೈದ್ಯರು, "ಅಮ್ಮಾ, ಇದು ಚಿನ್ನಕ್ಕಿಂತ ಹೆಚ್ಚು. ಇದಿಲ್ಲದೆ ಅಲ್ಲಿ ಇಳಿದರೆ ಇವನನ್ನು ಆರು ತಿಂಗಳು ಕ್ವಾರಂಟೈನ್ ಬೋನಿಗೆ ಹಾಕುತ್ತಾರೆ. ಜೋಪಾನ!" ಎಂದರು.

ನಾಯಿಗೆ ಅಂದಿನಿಂದಲೇ ಯೋಚನೆ ಹತ್ತಿತು. ತನ್ನ ಕನ್ನಡಕವನ್ನೇ ದಿನಕ್ಕೆ ಮೂರು ಸಲ ಕಳೆದುಕೊಳ್ಳುವ ಈಯಮ್ಮನ ಕೈಯಲ್ಲಿ ಚಿನ್ನ ಉಳಿದೀತೇ?

ಹೊರಡುವ ದಿನ ಮನೆ ತಲೆಕೆಳಗಾಯಿತು. ಪತ್ರಕ್ಕಾಗಿ ಚಂಪಕಮ್ಮ ಅಕ್ಕಿ ಡಬ್ಬಕ್ಕೂ ಕೈ ಹಾಕಿ ಹುಡುಕಿದರು. ಕಿಟಕಿಯಲ್ಲಿ ಕೂತಿದ್ದ ಬೆಕ್ಕು ಕೇಳಿತು:

"ಅಯ್ಯಾ ಶ್ವಾನವೇ, ಆ ಪತ್ರವನ್ನು ಕಂಡೆಯಾ?"

"ಕಾಣುವುದೇನು ಬಂತು, ಕಾಪಾಡಿದ್ದೇನೆ! ದಾಸವಾಳದ ಬುಡದಲ್ಲಿ, ಒಂದು ಮೊಳ ಆಳದಲ್ಲಿ, ನನ್ನ ಅತಿ ಪ್ರಿಯ ಮೂಳೆಯ ಪಕ್ಕದಲ್ಲೇ ಹೂತಿಟ್ಟಿದ್ದೇನೆ."

"ಹಾಗಾದರೆ ಅಗೆದು ಅವರ ಕೈಗೆ ಕೊಡು."

"ಕೊಟ್ಟರೆ ಕಳೆದುಹಾಕುತ್ತಾರೆ!"

ವಿಮಾನ ಇವರನ್ನು ಬಿಟ್ಟು ಹಾರಿತು. ಮರುವಾರ ಚಂಪಕಮ್ಮ ದಾಸವಾಳಕ್ಕೆ ಗೊಬ್ಬರ ಹಾಕಲು ಅಗೆದಾಗ ಪತ್ರ ಸಿಕ್ಕಿತು, ನೆಂದು ಮುದ್ದೆಯಾಗಿ. ಮತ್ತೆ ಚುಚ್ಚುಮದ್ದು, ಮತ್ತೆ ರಕ್ತಪರೀಕ್ಷೆ, ಮತ್ತೆ ಹೊಸ ಪತ್ರ.

"ಈಗಲಾದರೂ ಬುದ್ಧಿ ಬಂತೇ?" ಎಂದಿತು ಬೆಕ್ಕು.

ಸೂಜಿ ಚುಚ್ಚಿದ ತೊಡೆಯನ್ನು ನೆಕ್ಕಿಕೊಳ್ಳುತ್ತಾ ನಾಯಿ ಗಂಭೀರವಾಗಿ ಹೇಳಿತು: "ಬಂತು. ಒಂದು ಮೊಳ ಆಳದಲ್ಲಿಟ್ಟರೆ ಚಂಪಕಮ್ಮನಿಗೂ ಸಿಕ್ಕಿಬಿಡುತ್ತದೆ. ಈ ಸಲ ಎರಡು ಮೊಳ ತೋಡುತ್ತೇನೆ."